ಹಾರೋಕೆ ಮುಂಚೆ ನೆಲದ ಮೇಲೇ ವಿಮಾನ ಗುದ್ದೋದು ಹೇಗೆ?

ಚಿಂತಾಮಣಿ ಗ್ಯಾರೇಜ್:
ಎಲ್ಲರಿಗೂ ನಮಸ್ಕಾರ. ಚಿಂತಾಮಣೀಲಿ ಟ್ರ್ಯಾಕ್ಟರ್ ರಿಪೇರಿ ನನ್ನ ಕೆಲಸ. ತಂಗಿ ಮಗಳು ಬೇರೆ ರಾಜ್ಯದಲ್ಲಿ ಪೈಲಟ್ ತರಬೇತಿಗೆ ಸೇರಿದಾಳೆ, ಸೆಸ್ನಾ 172 ಅನ್ನೋ ಸಣ್ಣ ವಿಮಾನ ಅಂತೆ. ಮೊನ್ನೆ ಫೋನ್ ಮಾಡಿ ಒಂದೇ ಅಳು. ರನ್‌ವೇ ಕಡೆ ಹೋಗ್ತಾ ರೆಕ್ಕೆ ತುದಿ ಹ್ಯಾಂಗರ್ (ವಿಮಾನ ನಿಲ್ಲಿಸೋ ಶೆಡ್ಡು) ಪಕ್ಕದ ಕಂಬಕ್ಕೆ ತಾಗಿ ಹಸಿರು ಲೈಟಿನ ಗಾಜು ಒಡೀತಂತೆ, ತುದಿ ನೆಗ್ಗಿದೆಯಂತೆ. ಹೋಗ್ತಿದ್ದದ್ದು ಮನುಷ್ಯ ನಡೆಯೋ ವೇಗದಲ್ಲಿ. "ನೆಲದಲ್ಲೇ ಹಿಂಗೆ, ಮೇಲೆ ಏನು ಮಾಡ್ತಾಳೋ" ಅಂತ ಭಾವ ರೇಗಾಡ್ತಿದಾರೆ. ಹೊಲ ಮಾರಿ ಕಟ್ಟಿದ ಫೀಸು, ಅವರ ಸಂಕಟ ಅವರಿಗೆ. ಇದು ಬರೀ ಅಜಾಗರೂಕತೇನಾ, ಬೇರೆ ಏನಾದ್ರೂ ಇದ್ಯಾ? ಗೊತ್ತಿದ್ದೋರು ಹೇಳಿ.

ಶಿಡ್ಲಘಟ್ಟದ ಹಳೇ ಮೆಕ್ಯಾನಿಕ್:
ಯಜಮಾನ್ರೇ, ಸಣ್ಣ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟೀನೇ ನನ್ನ ತಲೆ ಬೆಳ್ಳಗಾದದ್ದು. ರಿಪೇರಿಗೆ ಬಂದವುಗಳಲ್ಲಿ ನೆಲದ ಮೇಲೆ ಪೆಟ್ಟು ತಿಂದವೇ ಜಾಸ್ತಿ ಕಂಡಿದೀನಿ.

ಟ್ರ್ಯಾಕ್ಟರ್ ಗೊತ್ತಿರೋರಿಗೆ ಇದನ್ನ ಹೇಳೋದು ಸುಲಭ. ಹೊಲದ ತುದೀಲಿ ಒಂದೇ ಕಡೆ ಬ್ರೇಕ್ ಒತ್ತಿ ತಿರುಗಿಸ್ತೀರಲ್ಲ, 172ರಲ್ಲೂ ಹಾಗೇ. ಪೆಡಲ್ ತಳ್ಳಿದ್ರೆ ಮೂಗಿನ ಚಕ್ರ ತಿರುಗುತ್ತೆ, ಪೆಡಲಿನ ಮೇಲ್ಭಾಗ ಒತ್ತಿದ್ರೆ ಆ ಕಡೆಯ ಚಕ್ರಕ್ಕೆ ಬ್ರೇಕ್. ಕೈಯಲ್ಲಿ ಹಿಡಿಯೋ ಸ್ಟೀರಿಂಗಿನಂಥದ್ದಕ್ಕೂ ಚಕ್ರಕ್ಕೂ ಸಂಬಂಧವೇ ಇಲ್ಲ! ಕಾರು ಓಡಿಸಿ ಅಭ್ಯಾಸ ಇದ್ದೋರು ಗಾಬರಿಯಾದ್ರೆ ಅದನ್ನೇ ತಿರುಗಿಸ್ತಾರೆ, ವಿಮಾನ ನೆಟ್ಟಗೆ ಹೋಗ್ತಾನೇ ಇರುತ್ತೆ. ಅದು ಆಡಿಸೋದು ರೆಕ್ಕೆ ಹಿಂಬದಿಯ ಪಟ್ಟಿಗಳನ್ನ, ಐಲೆರಾನ್ ಅಂತಾರೆ. ನೆಲದ ಮೇಲೆ ಅದರ ಕೆಲಸ ಗಾಳಿಗೆ ರೆಕ್ಕೆ ಏಳದ ಹಾಗೆ ಹಿಡಿಯೋದು. ಆಷಾಢದಂಥ ಗಾಳಿ ಮುಂದಿನ ಓರೆಯಿಂದ ಬಂದ್ರೆ ಗಾಳಿ ಕಡೆಗೇ ತಿರುಗಿಸಿ ಹಿಡೀಬೇಕು, ಹಿಂದಿನ ಓರೆಯಿಂದ ಬಂದ್ರೆ ಆಚೆ ಕಡೆ ತಿರುಗಿಸಿ ಮುಂದಕ್ಕೆ ಒತ್ತಬೇಕು. ಮರೆತ್ರೆ ರೆಕ್ಕೆ ಎತ್ತಿ ಮಗುಚೋದೂ ಉಂಟು.

ಇನ್ನು ಅಳತೆ. ಹಿಂದಿನ ಎರಡು ಚಕ್ರದ ನಡುವೆ ಸುಮಾರು ಎರಡೂವರೆ ಮೀಟರ್, ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್. ಚಕ್ರ ದಾಟಿ ಒಂದೊಂದು ಕಡೆ ನಾಲ್ಕು ಮೀಟರಿಗೂ ಮಿಕ್ಕಿ ಚಾಚಿರುತ್ತೆ. ತಿರುಗುವಾಗ ಆ ತುದಿ ಎಲ್ಲಿ ಸುತ್ತಿ ಬರುತ್ತೆ ಅನ್ನೋ ಅಂದಾಜು ಬರೋಕೆ ಟೈಮ್ ಬೇಕು.

ರೆಕ್ಕೆ ತಾಗಿದ್ದೇ ಪುಣ್ಯ. ಪ್ರೊಪೆಲರ್ ತಾಗಿದ್ರೆ ಬ್ಲೇಡು ಬಾಗಿದ್ದು ಕಣ್ಣಿಗೆ ಕಾಣುತ್ತೆ, ಎಂಜಿನ್ ಒಳಗೆ ಅದನ್ನ ತಿರುಗಿಸೋ ಕ್ರ್ಯಾಂಕ್‌ಶಾಫ್ಟ್ ತಿಂದ ಪೆಟ್ಟು ಕಾಣಲ್ಲ. ಎಂಜಿನ್ ಬಿಚ್ಚಲೇಬೇಕು, ಖರ್ಚು ಕೇಳಬೇಡಿ.

ಒಂದು ಸಂದೇಹ. ಹಸಿರು ಲೈಟು ಅಂದ್ರೆ ಬಲ ರೆಕ್ಕೆ. ಕಲಿಯೋರು ಕೂರೋದು ಎಡಗಡೆ. ಬಲಗಡೆ ಸೀಟಲ್ಲಿ ಯಾರಿದ್ರು?

ಗೌರಿಬಿದನೂರು ಹುಡುಗ:
ದೇವನಹಳ್ಳಿ ಏರ್‌ಪೋರ್ಟಲ್ಲಿ ಟಗ್, ಅಂದ್ರೆ ವಿಮಾನ ಎಳೆಯೋ ಗಾಡಿ, ಓಡಿಸ್ತೀನಿ. ಇಕ್ಕಟ್ಟಿನ ಜಾಗ ಆದ್ರೆ ನಮ್ಮಲ್ಲಿ ರೆಕ್ಕೆ ತುದಿಗೊಬ್ಬರು ನಡೀತಾರೆ. ಯಾರಿದ್ರು ಅನ್ನೋದು ಆಮೇಲೆ ಸಾರ್, ಅನುಮಾನ ಬಂದ್ರೆ ನಿಲ್ಲಿಸಬೇಕು, ಎಂಜಿನ್ ಆಫ್ ಮಾಡಿ ಇಳಿದು ನೋಡಬೇಕು. ನಾಚಿಕೆ ಯಾಕೆ?

ಕಂಬ ಸಣ್ಣ ವಿಷಯ. ಜೀವ ಹೋಗೋದು ದಾರಿ ತಪ್ಪಿದಾಗ. 2001ರ ಅಕ್ಟೋಬರ್ 8, ಇಟಲಿಯ ಮಿಲಾನ್ ಹತ್ರ ಲಿನಾಟೆ. ದಟ್ಟ ಮಂಜು. ಸೆಸ್ನಾ ಸೈಟೇಶನ್, ಖಾಸಗಿ ಜೆಟ್ಟು, ಆರ್5 ದಾರಿ ಹಿಡೀಬೇಕಿತ್ತು, ಆರ್6 ಹಿಡಿದು ರನ್‌ವೇಗೇ ಬಂತು. ಟೇಕಾಫ್‌ಗೆ ಓಡ್ತಿದ್ದ ಎಸ್‌ಎಎಸ್ (ಸ್ಕ್ಯಾಂಡಿನೇವಿಯದ ಕಂಪನಿ) ಪ್ರಯಾಣಿಕರ ವಿಮಾನ ಬಂದು ಗುದ್ದಿತು. ಸತ್ತೋರು 118 ಜನ, ಅದ್ರಲ್ಲಿ ನಾಲ್ವರು ನೆಲದ ಮೇಲೆ ಕೆಲಸ ಮಾಡ್ತಿದ್ದೋರು, ನಮ್ಮಂಥೋರು. ಅಲ್ಲಿ ನೆಲದ ಮೇಲೆ ಯಾವ ವಿಮಾನ ಎಲ್ಲಿದೆ ಅಂತ ತೋರಿಸೋ ಗ್ರೌಂಡ್ ರಾಡಾರ್ ಕೆಲಸ ಮಾಡ್ತಿರಲಿಲ್ಲ, ದಾರಿಯ ಗುರುತುಗಳೂ ಸರಿ ಇರಲಿಲ್ಲ. ಎಲ್ಲಾನೂ ಪೈಲಟ್ ತಲೆಗೆ ಕಟ್ಟೋಕಾಗಲ್ಲ.

ರನ್‌ವೇಗೆ ಮುಂಚೆ ನಾಲ್ಕು ಹಳದಿ ಗೆರೆ ಇರುತ್ತೆ, ಎರಡು ಪೂರ್ತಿ, ಎರಡು ತುಂಡು. ಪೂರ್ತಿ ಗೆರೆ ಕಡೆಯಿಂದ ಅನುಮತಿ ಇಲ್ದೆ ದಾಟಂಗಿಲ್ಲ. ಇದನ್ನ ಮೊದಲು ಕೇಳಿ ಅವಳಿಗೆ.

ಚಿಂತಾಮಣಿ ಗ್ಯಾರೇಜ್:
ಕೇಳ್ದೆ. ಗೆರೆ ವಿಷಯ ಪಟಪಟ ಹೇಳಿದ್ಲು. ಬಲಗಡೆ ಇನ್‌ಸ್ಟ್ರಕ್ಟರೇ ಇದ್ರಂತೆ, ತಲೆ ಬಗ್ಗಿಸಿ ಏನೋ ಬರೀತಿದ್ರಂತೆ. ಅದನ್ನ ಹೇಳೋಕೇ ಹಿಂಜರೀತಿದಾಳೆ.

ಶಿಡ್ಲಘಟ್ಟದ ಹಳೇ ಮೆಕ್ಯಾನಿಕ್:
ಅಲ್ಲಿಗೆ ಸರಿಹೋಯ್ತು. ಇವಳಿಗೆ ಕಾಣದ ಕಡೆ ನೋಡೋಕೇ ಅವರಿಗೆ ಸಂಬಳ. ಹಾಗಂತ ಜಗಳಕ್ಕೆ ಹೋಗೋದು ಬೇಡ. ನಡೆದದ್ದನ್ನ ನಡೆದ ಹಾಗೆ ಬರೆದುಕೊಡ್ಲಿ, ತನ್ನದೂ ಅವರದೂ ಎರಡೂ. ಭಾವನವರಿಗೆ ನೀವು ಸಮಾಧಾನ ಹೇಳಿ. ಅದಕ್ಕಿಂತ ಮುಖ್ಯ, ಗಾಜು ಬದಲಾಯಿಸಿ ಸುಮ್ಮನಾದ್ರಾ, ತುದಿ ಬಿಚ್ಚಿ ಒಳಗಿನ ರಿಬ್ಬು, ಐಲೆರಾನಿನ ಹಿಂಜು ನೋಡಿದ್ರಾ ವಿಚಾರಿಸಿ. ನೋಡಿ ಸಹಿ ಬೀಳೋ ತನಕ ಆ ವಿಮಾನದಲ್ಲಿ ಕೂರಬೇಡ ಅನ್ನಿ.