ಇನ್ಲೇ ಮತ್ತು ಮಾರ್ಕೆಟ್ರಿ: ಎರಡಕ್ಕೂ ‘ಕೆತ್ತನೆ’ ಎಂದರೆ ಸಾಕೆ?

18ನೆಯ ಶತಮಾನದ ಕೊನೆಯ ಇಂಗ್ಲೆಂಡಿನ ಪೀಠೋಪಕರಣಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪೆಂಬ್ರೋಕ್ ಮೇಜಿನ, ಎಂದರೆ ಎರಡು ಬದಿಯ ಹಲಗೆಗಳನ್ನು ಇಳಿಬಿಡಬಹುದಾದ ಸಣ್ಣ ಪಕ್ಕಮೇಜಿನ ವರ್ಣನೆಯಿದ್ದು, ಅದರ ಅಲಂಕಾರಕ್ಕೆ ಇನ್ಲೇ, ಮಾರ್ಕೆಟ್ರಿ ಎಂಬ ಎರಡು ಪದಗಳು ಬೇರೆ ಬೇರೆ ಅರ್ಥದಲ್ಲಿ ಬಳಕೆಯಾಗಿವೆ.

ಇನ್ಲೇಯಲ್ಲಿ ಗಟ್ಟಿ ಮರವನ್ನು ತೋಡಿ, ಆ ತಗ್ಗಿನಲ್ಲಿ ಬೇರೆ ಬಣ್ಣದ ಮರವನ್ನೋ ದಂತವನ್ನೋ ಕೂರಿಸಿ ಮಟ್ಟ ಮಾಡುತ್ತಾರೆ. ಮಾರ್ಕೆಟ್ರಿಯಲ್ಲಿ ಹಾಗಲ್ಲ, ತೆಳುವಾಗಿ ಸೀಳಿದ ಮರದ ಪದರುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ, ಹೂವು, ಶಂಖ, ಬೀಸಣಿಗೆಗಳ ಚಿತ್ರವನ್ನು ಮೊದಲೇ ಜೋಡಿಸಿಕೊಂಡು, ಆ ಇಡೀ ಹಾಳೆಯನ್ನು ಮೇಜಿನ ಮೈಗೆ ಅಂಟಿಸುತ್ತಾರೆ. ಬೀಸಣಿಗೆಯ ಒಂದೊಂದು ಎಸಳಿನ ಅಂಚಿನಲ್ಲಿ ಕಾಣುವ ಕಂದು ನೆರಳು ಬಳಿದ ಬಣ್ಣವಲ್ಲ. ಆ ತುಣುಕನ್ನು ಕಾದ ಮರಳಿನಲ್ಲಿ ಅದ್ದಿ, ಅಂಚು ಮಾತ್ರ ಕಂದುವಂತೆ ಮಾಡಿದ ಜಾಣತನ.

‘ಹರಳು ಕೆತ್ತಿದ ಉಂಗುರ’ ಎನ್ನುವಲ್ಲಿ ‘ಕೆತ್ತು’ ಎಂಬುದಕ್ಕೆ ಕೂರಿಸುವ ಅರ್ಥವೇನೋ ಇದೆ. ಆದರೆ ‘ಮರದ ಕೆತ್ತನೆ’ ಎಂದೊಡನೆ ಓದುಗರ ಕಣ್ಣಿಗೆ ಬರುವುದು ಉಳಿಯಿಂದ ಮೂಡಿಸಿದ ಉಬ್ಬುಚಿತ್ರವೇ. ‘ದಂತಖಚಿತ’ ಒಪ್ಪುತ್ತದೆ, ‘ಮರಖಚಿತ ಮೇಜು’ ಎಂದರೆ ನಗು ಬರುತ್ತದೆ. ‘ಕುಸುರಿ’ ಎಂಬುದು ಎಲ್ಲ ನಾಜೂಕು ಕೆಲಸಕ್ಕೂ ಸಲ್ಲುವುದರಿಂದ ಇಲ್ಲಿ ಏನನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಸದ್ಯಕ್ಕೆ ಇನ್ಲೇಗೆ ‘ಹುದುಗು ಕೆಲಸ’, ಮಾರ್ಕೆಟ್ರಿಗೆ ‘ಪದರುಚಿತ್ತಾರ’ ಎಂದು ಬರೆದುಕೊಂಡಿದ್ದೇನೆ. ಎರಡನೆಯದು ನನಗೆ ಹೆಚ್ಚು ಹಿಡಿಸಿದೆ; ಮೊದಲನೆಯದರಲ್ಲಿ ಏನೋ ಕಚೇರಿಯ ವಾಸನೆಯಿದೆ.

ಮೈಸೂರಿನ ಬೀಟೆ ಮರದ ಕೆಲಸ ಈ ವಿಂಗಡಣೆಯನ್ನು ಇನ್ನಷ್ಟು ತೊಡಕಾಗಿಸುತ್ತದೆ. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಬೀಟೆಗೆ ದಂತ ಕೂರಿಸಿರುವುದು ಇನ್ಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದು ಆನೆ, ಹಳ್ಳಿಯ ನೋಟಗಳನ್ನು ಮಾಡುವ ಕುಶಲಕರ್ಮಿಗಳು ಬಣ್ಣಬಣ್ಣದ ಮರದ ತುಣುಕುಗಳನ್ನು ಮಾರ್ಕೆಟ್ರಿಯವರಂತೆಯೇ ಗರಗಸದಿಂದ ಕತ್ತರಿಸಿ, ಅವುಗಳ ಗೆರೆಯನ್ನು ಹಲಗೆಯ ಮೇಲೆ ಗುರುತಿಸಿಕೊಂಡು, ಅಷ್ಟು ಜಾಗವನ್ನು ತೋಡಿ ಕೂರಿಸುತ್ತಾರೆ. ಹೊರಗಿನವರೊಡನೆ ಅವರೂ ‘ಇನ್ಲೇ’ ಎಂದೇ ಹೇಳುವುದುಂಟು. ಆ ಕಸುಬಿನ ಮನೆಗಳ ಒಡನಾಟವಿರುವವರು, ತೋಡುವುದಕ್ಕೆ, ಕೂರಿಸುವುದಕ್ಕೆ, ಅಂಚಿನುದ್ದಕ್ಕೂ ಎಳೆಯಂತೆ ಸಾಗುವ ತಿಳಿಮರದ ಪಟ್ಟಿಗೆ ಅವರು ತಮ್ಮತಮ್ಮಲ್ಲಿ ಬಳಸುವ ಮಾತುಗಳನ್ನು ದಯವಿಟ್ಟು ತಿಳಿಸಬೇಕು.