ಪದಚರ್ಚೆ: ‘ಗ್ಲೋ’ಗೆ ಕಾಂತಿಯೋ, ಕಳೆಯೋ, ಹೊಳಪೋ?

ಪ್ರಶ್ನೆ: ಸಣ್ಣ ಬ್ಯೂಟಿ ಪಾರ್ಲರ್ ಒಂದರ ಇನ್‌ಸ್ಟಾಗ್ರಾಂ ಪುಟಕ್ಕೆ ಕನ್ನಡದಲ್ಲಿ ಕ್ಯಾಪ್ಷನ್ ಬರೆಯಬೇಕಿದೆ. ‘ಗ್ಲೋ’ಗೆ ಎಲ್ಲ ಕಡೆ ‘ಹೊಳಪು’ ಎಂದೇ ಹಾಕುವುದು ಸರಿಯೇ? ‘ಫೇಶಿಯಲ್ ಪಡೆಯಿರಿ’ ಎನ್ನಬಹುದೇ? ಕ್ಯಾಪ್ಷನ್ನಿಗೆ ‘ಶೀರ್ಷಿಕೆ’ ಹೊಂದುತ್ತದೆಯೇ?

ಉತ್ತರ: ಕೊನೆಯದನ್ನು ಮೊದಲು ನೋಡೋಣ. ಶೀರ್ಷಿಕೆ ತಲೆಯ ಮೇಲೆ ಕೂರುವ ಮಾತು, ‘ಅಡಿಬರಹ’ ಸಿನಿಮಾ ಹೆಸರಿನ ಕೆಳಗಿನ ಸಾಲಿಗೆ ರೂಢಿಯಾಗಿದೆ. ಇಲ್ಲಿ ಬೇಕಾದದ್ದು ಲಗ್ನಪತ್ರಿಕೆಗೆ ನಾವು ಬಳಸುವ ‘ಒಕ್ಕಣೆ’. ಯಾರಿಗೆ, ಏನು, ಯಾವಾಗ ಎಂದು ತಿಳಿಸಿ ಕರೆಯುವ ಬರಹ ಅದು. ಗಿರಾಕಿಗಳ ಜೊತೆ ಮಾತಾಡುವಾಗ ಕ್ಯಾಪ್ಷನ್ ಎಂದರೂ ಸಾಕು.

‘ಹೊಳಪು’ ಮೇಲ್ಮೈಯ ಗುಣ. ಪಾತ್ರೆಗೆ, ನೆಲಕ್ಕೆ, ಕೂದಲಿಗೆ, ಉಗುರಿಗೆ, ತುಟಿಗೆ ಚೆನ್ನ. ಮುಖ ಹೊಳೆಯುತ್ತಿದೆ ಎಂದರೆ ಎಣ್ಣೆ ಬಿಟ್ಟುಕೊಂಡಿದೆ ಎಂದೂ ಓದಬಹುದು. ಚರ್ಮದ ಆರೈಕೆಗೆ ‘ಕಾಂತಿ’ ಬಳಸಿ. ಮದುಮಗಳ ಮೇಕಪ್ಪಿಗೆ ಮಾತ್ರ ‘ಕಳೆ’ಯನ್ನು ಮೀರಿಸುವ ಪದವಿಲ್ಲ. ‘ಮದುವೆ ಕಳೆ’ ಎಂಬ ನುಡಿಗಟ್ಟು ಆಗಲೇ ಮನೆಮನೆಯಲ್ಲಿದೆ, ವಿವರಿಸಬೇಕಾಗಿಲ್ಲ.

ಆದರೆ ಕಳೆ ಬಳಸುವಾಗ ಎಚ್ಚರ ಬೇಕು. ಳ ಬದಲು ಲ ಬಿದ್ದು ‘ಮುಖಕ್ಕೆ ಹೊಸ ಕಲೆ’ ಎಂದಾದರೆ ಹೊಸ ಮಚ್ಚೆ ಮೂಡಿಸಿದಂತೆ! ‘ಮುಖದ ಕಳೆ ತೆಗೆಯುತ್ತೇವೆ’ ಎಂದರೆ ಇದ್ದ ಲಕ್ಷಣವನ್ನೂ ಕಿತ್ತುಕೊಂಡಂತೆ. ‘ಮೇಕಪ್ ಕಲೆ’ಯೂ ಇಬ್ಬಗೆ: ಕಲೆಗಾರಿಕೆಯೋ, ಬಟ್ಟೆಗೆ ಹತ್ತಿದ್ದೋ? ಅಲ್ಲಿ ‘ಮೇಕಪ್ ಕೈಚಳಕ’ ಎಂದರೆ ಗೊಂದಲವಿಲ್ಲ. ‘ಕಲೆ ಹೋಗುತ್ತದೆ’ ಎಂಬುದು ದೊಡ್ಡ ಭರವಸೆ. ಕಲೆ ಮರೆಮಾಡುವ ಕನ್ಸೀಲರ್ ಹಚ್ಚುವುದಾದರೆ ‘ಕಲೆ ಕಾಣದಂತೆ’ ಎನ್ನಿ, ಅದು ಮಾಡುವ ಕೆಲಸ ಅಷ್ಟೇ.

‘ಪಡೆಯಿರಿ’ ಸರ್ಕಾರಿ ಸೌಲಭ್ಯದ ಭಾಷೆ. ಬರುವವರು ಫೇಶಿಯಲ್ ‘ಮಾಡಿಸಿಕೊಳ್ಳುತ್ತಾರೆ’, ಪಾರ್ಲರಿನವರು ‘ಮಾಡುತ್ತಾರೆ’. ಬರೀ ‘ಫೇಶಿಯಲ್ ಮಾಡಿ’ ಎಂದರೆ ಮನೆಯಲ್ಲೇ ಮಾಡಿಕೊಳ್ಳಿ ಎಂದಾಯಿತು. ಥ್ರೆಡಿಂಗ್‌ಗೆ ‘ಹುಬ್ಬು ತಿದ್ದುವುದು’ ಚಂದ, ಆದರೆ ಜನ ಕೇಳುವುದು ‘ಐಬ್ರೋ’ ಎಂದೇ. ಎರಡನ್ನೂ ಒಮ್ಮೊಮ್ಮೆ ಬಳಸಿದರೆ ಹುಡುಕುವವರಿಗೂ ಸಿಗುತ್ತದೆ.

‘ಬೆಳ್ಳಗಾಗಿ’ ಎಂಬುದನ್ನು ದಯವಿಟ್ಟು ಬಿಡಿ. ಜಾಹೀರಾತುಗಳು ಮೈಬಣ್ಣದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಸೂಚಿಸಿದೆ. 2020ರಲ್ಲಿ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಇಟ್ಟುಕೊಂಡಿತು. ಟ್ಯಾನ್ ಬಗ್ಗೆ ಹೇಳಲು ಕನ್ನಡದಲ್ಲೇ ಒಳ್ಳೆಯ ಕ್ರಿಯಾಪದವಿದೆ: ಕಂದು. ಬಿಸಿಲಿಗೆ ಮುಖ ಕಂದುತ್ತದೆ. ಹುಟ್ಟುಬಣ್ಣವನ್ನು ಹಳಿಯದೆ ಬಿಸಿಲಿನ ಕೆಲಸವನ್ನಷ್ಟೇ ಹೇಳುವ ಪದ.

ಇನ್ನು ಕ್ಯಾಪ್ಷನ್ನಿನ ಉದ್ದ. ಮಿತಿ 2,200 ಅಕ್ಷರವಾದರೂ ಫೀಡಿನಲ್ಲಿ ‘ಮೋರ್’ ಬರುವ ಮುಂಚೆ ಕಾಣುವುದು ಸುಮಾರು 125. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಸ್ವರಚಿಹ್ನೆ, ಒತ್ತು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಕಣ್ಣಿಗೆ ಎರಡೇ ಅಕ್ಷರವಾದ ‘ಹುಬ್ಬು’ ಅಲ್ಲಿ ಆರು. ಹಾಗಾಗಿ ಮೊದಲ ಹನ್ನೆರಡು-ಹದಿಮೂರು ಪದಗಳೊಳಗೇ ವಿಷಯ ಮುಗಿಯಬೇಕು:

“ಬಿಸಿಲಿಗೆ ಕಂದಿದ ಮುಖಕ್ಕೆ ಪಪ್ಪಾಯಿ ಫೇಶಿಯಲ್. 45 ನಿಮಿಷ, 600 ರೂ. ಹಿಂದಿನ ದಿನವೇ ಮೆಸೇಜ್ ಮಾಡಿ.”

‘ನಮಸ್ಕಾರ ಸ್ನೇಹಿತರೇ, ಸೌಂದರ್ಯ ಪ್ರತಿಯೊಬ್ಬರ ಕನಸು’ ಎಂದು ಶುರುಮಾಡಿದರೆ ಆ ಜಾಗ ಅಲ್ಲೇ ಖಾಲಿ. ಹ್ಯಾಷ್‌ಟ್ಯಾಗಿನಲ್ಲಿ ತೆರಪು ಬಿಡಬೇಡಿ. ‘#ಮದುವೆ ಮೇಕಪ್’ ಎಂದರೆ ‘ಮದುವೆ’ ಮಾತ್ರ ಕೊಂಡಿಯಾಗುತ್ತದೆ, ‘#ಮದುವೆಮೇಕಪ್’ ಎಂದೇ ಕೂಡಿಸಿ.

ಮರುಪ್ರಶ್ನೆ: ಕಳೆ ಎಂದರೆ ಹೊಲದ ಕಳೆಯೂ ಅಲ್ಲವೇ?

ಉತ್ತರ: ಹೌದು. ಬೇಡದ ಗಿಡದ ಕಳೆ ದ್ರಾವಿಡ ಮೂಲದ್ದು, ಮುಖದ ಕಳೆ ಸಂಸ್ಕೃತದ ‘ಕಲಾ’ದಿಂದ ಬಂದದ್ದು. ಪಕ್ಕದಲ್ಲಿ ‘ಮುಖ’, ‘ಮದುವೆ’, ‘ಬಂತು’ ಇದ್ದರೆ ಯಾರೂ ಹೊಲಕ್ಕೆ ಹೋಗುವುದಿಲ್ಲ. ತಪ್ಪು ನುಸುಳುವುದು ಕೀಲಿಮಣೆಯಲ್ಲಿ. ‘ನುಡಿ’ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಒತ್ತಲು ಮರೆತರೆ ಳ ಬದಲು ಲ ಬೀಳುತ್ತದೆ. ಕಳೆ, ಕಲೆ ಎರಡೂ ನಿಜವಾದ ಪದಗಳೇ ಆದ್ದರಿಂದ ಕಾಗುಣಿತ ತಪಾಸಣೆಗೂ ಸಿಗದು. ಪೋಸ್ಟ್ ಒತ್ತುವ ಮುಂಚೆ ಆ ಒಂದು ಪದವನ್ನು ಬಾಯಿಬಿಟ್ಟು ಓದಿ.