ಡಿಹ್ಯುಮಿಡಿಫೈಯರ್ ಓಡುತ್ತಲೇ ಇದೆ, ಗೋಡೆ ಒಣಗುತ್ತಿಲ್ಲ. ವಿಮೆಯವರೂ ಕೈ ತೊಳೆದುಕೊಂಡಿದ್ದಾರೆ

ಒದ್ದೆಮನೆ
ತಲೆ ಕೆಟ್ಟುಹೋಗಿದೆ. ನೀರು ನುಗ್ಗಿದ ದಿನವೇ ಎಲ್ಲವನ್ನೂ ಬಳಿದು, ಒರೆಸಿ, ಎರಡು ಫ್ಯಾನು ಮತ್ತು ಗಾಳಿಯ ತೇವ ಹೀರುವ ಯಂತ್ರ, ಅಂದರೆ ಒಂದು ಡಿಹ್ಯುಮಿಡಿಫೈಯರ್ ಇಟ್ಟಿದ್ದೇನೆ. ಹಗಲೂ ರಾತ್ರಿ ಓಡುತ್ತಿವೆ. ಗೋಡೆಯ ಬುಡದಲ್ಲಿ ತೇವ ಅಳೆಯುವ ಮೀಟರು 28 ತೋರಿಸಿದ್ದು ಇವತ್ತಿಗೂ 28ರಲ್ಲೇ ಕೂತಿದೆ. ಮೂಲೆಯಿಂದ ಬೂಷ್ಟಿನ ವಾಸನೆ ಬೇರೆ. ಇದು ಸಾಲದೆಂಬಂತೆ ವಿಮಾ ಕಂಪನಿಯ ಪತ್ರ: ‘ದೀರ್ಘಕಾಲದ ಸೋರಿಕೆ, ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ.’ ಯಂತ್ರವೇ ಸರಿ ಇಲ್ಲವೋ, ಇನ್ನೂ ದೊಡ್ಡದನ್ನು ತರಬೇಕೋ? ‘ಸ್ವಲ್ಪ ಕಾದು ನೋಡಿ’ ಎನ್ನುವವರು ದಯವಿಟ್ಟು ಉತ್ತರಿಸಬೇಡಿ.

ಕೊಳಾಯಿಕಣ್ಣು
ಯಂತ್ರವನ್ನು ಬೈಯಬೇಡಿ ಸರ್. ಇಷ್ಟು ಓಡಿಸಿದರೂ ಒಣಗಿಲ್ಲ ಎಂದರೆ ಗೋಡೆಯೊಳಗೆ ಪೈಪು ಈಗಲೂ ಸೋರುತ್ತಿದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಒಂದೆರಡು ಗಂಟೆ ಯಾರೂ ನೀರು ಮುಟ್ಟದಂತೆ ನೋಡಿಕೊಳ್ಳಿ. ಅಂಕಿ ಮುಂದಕ್ಕೆ ಹೋಗಿದ್ದರೆ ಕಳ್ಳ ಸಿಕ್ಕಿದ.

ಒದ್ದೆಮನೆ
ನೋಡಿದೆ. ಕದಲಿಲ್ಲ.

ಕೊಳಾಯಿಕಣ್ಣು
ಮೀಟರಿಗೆ ಸಿಗದಷ್ಟು ಸಣ್ಣ ಸೋರಿಕೆ ಇರಬಹುದು. ಬಿಸಿನೀರಿನ ಲೈನಿನ ಮೇಲೆ ನನಗೆ ಅನುಮಾನ. ಪ್ರೆಷರ್ ಟೆಸ್ಟ್ (ಪೈಪಿನಲ್ಲಿ ಒತ್ತಡ ತುಂಬಿ, ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಅದಾಗುವ ತನಕ ಬೇರೆ ಏನು ಮಾಡಿದರೂ ವ್ಯರ್ಥ.

ಗಾರೆಗುರು
ಸ್ವಾಮಿ, ಸುತ್ತಿಗೆ ಎತ್ತುವ ಮೊದಲು ಒಂದು ಪ್ರಶ್ನೆ. ಅಷ್ಟು ನೀರು ಬಂದದ್ದಾದರೂ ಎಲ್ಲಿಂದ? ಅದನ್ನು ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ. ಒತ್ತಡದ ಪೈಪು ಸೋರಿದರೆ ಹಗಲಿರುಳೂ ತೇವ ಇರುತ್ತದೆ. ಚರಂಡಿಯ ಕಡೆಯ ಪೈಪೋ ಸ್ನಾನದ ಮನೆಯ ನೆಲವೋ ಆಗಿದ್ದರೆ ಬಳಸಿದಾಗ ಮಾತ್ರ ಹೆಚ್ಚಾಗುತ್ತದೆ, ನೀರಿನ ಮೀಟರು ನೋಡಿದರೆ ಗೊತ್ತಾಗುವುದಿಲ್ಲ.

ಒದ್ದೆಮನೆ
ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಬರುವ ಹೋಸು ಸಿಡಿದದ್ದು. ಯಾರೂ ಮನೆಯಲ್ಲಿ ಇರಲಿಲ್ಲ. ಅದನ್ನು ಬದಲಿಸಿ ಆಗಿದೆ. ನಾನು ಕೇಳಿದ್ದು ಸೋರಿಕೆಯ ಬಗ್ಗೆ ಅಲ್ಲ, ಒಣಗಿಸುವುದರ ಬಗ್ಗೆ.

ಕೊಳಾಯಿಕಣ್ಣು
ಹೋಸು ಸಿಡಿದಾಗ ಲೈನಿನ ಒತ್ತಡ ಏರುಪೇರಾಗಿ ಒಳಗಿನ ಜೋಡಣೆಯೂ ಬಿಟ್ಟಿರಬಹುದಲ್ಲ? ಪ್ರೆಷರ್ ಟೆಸ್ಟ್ ಮಾಡಿಸಿ ಎಂದೇ ಹೇಳುತ್ತೇನೆ.

ಮೀಟರ್‌ಮಾಸ್ತರ
28 ಎಂದರೆ ಯಾವುದರ 28? ಎರಡು ಮೊಳೆ ಚುಚ್ಚಿ ನೋಡುವ ಮೀಟರುಗಳ ಶೇಕಡಾ ಅಂಕಿ ಮರಕ್ಕೆಂದು ಹೊಂದಿಸಿದ್ದು. ಗಾರೆಗೆ ಚುಚ್ಚಿದರೆ ಅದು ಶೇಕಡಾವೇ ಅಲ್ಲ, ಹೋಲಿಕೆಗೆ ಒಂದು ಅಂಕಿ, ಅಷ್ಟೇ. ಅದೇ ಮನೆಯ ಒಣಗಿದ ಗೋಡೆಗೆ ಚುಚ್ಚಿ ನೋಡಿ. ಅಲ್ಲಿ ಬರುವ ಅಂಕಿಯೇ ನಿಮ್ಮ ಗುರಿ. ಗೋಡೆಯ ಬುಡದಲ್ಲಿ ಬಿಳಿ ಪುಡಿಯಂತೆ ಉಪ್ಪು ಹೊಮ್ಮಿದ್ದರೆ ಗೋಡೆ ಒಣಗಿದ ಮೇಲೂ ಮೀಟರು ಹೆಚ್ಚು ತೋರಿಸುತ್ತದೆ, ಏಕೆಂದರೆ ಉಪ್ಪು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ನಮ್ಮ ಮನೆಯಲ್ಲಿ ಪ್ರತಿ ಕೋಣೆಗೂ ಆರ್ದ್ರತೆ ದಾಖಲಿಸುವ ಸೆನ್ಸರು ಇದೆ, ಹತ್ತು ನಿಮಿಷಕ್ಕೊಮ್ಮೆ ಫೋನಿಗೆ ಗ್ರಾಫ್ ಬರುತ್ತದೆ. ಬೇಕಾದರೆ ಚಿತ್ರ ಹಾಕುತ್ತೇನೆ.

ಹನಿಹನಿ
ಗ್ರಾಫ್ ಆಮೇಲೆ ನೋಡೋಣ ಮಾಸ್ತರೇ. ಒದ್ದೆಮನೆಯವರೇ, ಬೂಷ್ಟಿಗೆ ಬ್ಲೀಚ್ ಹಾಕಿ, ಅದರ ಮೇಲೆ ವಿನೆಗರ್ ಸಿಂಪಡಿಸಿ. ಮತ್ತೆ ಬರುವುದೇ ಇಲ್ಲ.

ಗಾರೆಗುರು
ಖಂಡಿತ ಮಾಡಬೇಡಿ! ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಶ್ವಾಸಕೋಶಕ್ಕೇ ಅಪಾಯ.

ಹನಿಹನಿ
ನಾನು ವರ್ಷಗಳಿಂದ ಮಾಡುತ್ತಿದ್ದೇನೆ, ಏನೂ ಆಗಿಲ್ಲ.

ಗಾರೆಗುರು
ಅದು ನಿಮ್ಮ ಅದೃಷ್ಟ ತಾಯಿ, ವಿಧಾನವಲ್ಲ. ಬಣ್ಣ ಬಳಿದ ಗಟ್ಟಿ ಗೋಡೆಯಾದರೆ ಮಾರ್ಜಕ ಮತ್ತು ನೀರಿನಿಂದ ಉಜ್ಜಿ ಒಣಗಿಸಿದರೆ ಸಾಕು. ಗಾರೆ, ರಟ್ಟು, ಫೋಮಿನಂಥ ರಂಧ್ರವಿರುವ ವಸ್ತುವಿನ ಒಳಕ್ಕೆ ಬ್ಲೀಚ್ ಸರಿಯಾಗಿ ಇಳಿಯುವುದೇ ಇಲ್ಲ; ಮೇಲಿನ ಬಣ್ಣ ಹೋಗುತ್ತದೆ, ಬೇರು ಉಳಿಯುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಒದ್ದೆಯಾದ ಪ್ಲಗ್ ಪಾಯಿಂಟ್ ಇದ್ದರೆ ಮೊದಲು ಮೇನ್ ಆಫ್ ಮಾಡಿ.

ಈಗ ನನ್ನ ನಿಜವಾದ ಪ್ರಶ್ನೆ: ನೆಲ ಯಾವುದು? ಕಿಟಕಿ ತೆರೆದಿದೆಯೋ ಮುಚ್ಚಿದೆಯೋ?

ಒದ್ದೆಮನೆ
ನೆಲಕ್ಕೆ ಲ್ಯಾಮಿನೇಟ್ ಹಲಗೆ. ಅಂಚುಗಳು ಸ್ವಲ್ಪ ಉಬ್ಬಿವೆ, ಮೇಲೆ ಪೂರ್ತಿ ಒಣಗಿದೆ. ಕಿಟಕಿ ತೆರೆದೇ ಇದೆ, ಗಾಳಿಯಾಡಬೇಕಲ್ಲ.

ಗಾರೆಗುರು
ಇಲ್ಲಿದೆ ನೋಡಿ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಪೈಪಿನ ಪುರಾಣ ಬೇಕಿರಲಿಲ್ಲ. ಕಿಟಕಿ ತೆರೆದಿಟ್ಟರೆ ಡಿಹ್ಯುಮಿಡಿಫೈಯರ್ ಹೊರಗಿನ ಗಾಳಿಯನ್ನು ಒಣಗಿಸುತ್ತಾ ಕೂರುತ್ತದೆ. ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದರೆ ಯಂತ್ರ ನಿಲ್ಲಿಸಿ ಕಿಟಕಿ ತೆರೆಯಿರಿ. ಇಲ್ಲವಾದರೆ ಕಿಟಕಿ ಮುಚ್ಚಿ ಯಂತ್ರ ಓಡಿಸಿ. ಎರಡೂ ಒಟ್ಟಿಗೆ ಬೇಡ.

ಆದರೆ ಮುಖ್ಯ ವಿಷಯ ಹಲಗೆಯ ಕೆಳಗಿದೆ. ಅಲ್ಲಿ ಫೋಮ್ ಹಾಳೆ ಇರುತ್ತದೆ, ಅದರ ಕೆಳಗೆ ಬಹುಶಃ ಪ್ಲಾಸ್ಟಿಕ್. ಅಲ್ಲಿ ಸಿಕ್ಕಿಕೊಂಡ ನೀರು ಮೇಲೆ ಬರಲಾರದು. ಪಕ್ಕಕ್ಕೆ ಹರಿದು ಗೋಡೆಯ ಬುಡಕ್ಕೆ ಸೇರುತ್ತದೆ, ಗಾರೆ ಅದನ್ನು ಹೀರುತ್ತಲೇ ಇರುತ್ತದೆ. ಎಷ್ಟು ದೊಡ್ಡ ಯಂತ್ರ ತಂದರೂ ಅಷ್ಟೇ. ನಲ್ಲಿಯ ಶುದ್ಧ ನೀರೇ ಆದರೂ ಹೀಗೆ ನಿಂತರೆ ಎರಡು ಮೂರು ದಿನದಲ್ಲಿ ಕೆಡಲು ಶುರುವಾಗುತ್ತದೆ. ಬೂಷ್ಟು ಹುಟ್ಟಲು 24ರಿಂದ 48 ಗಂಟೆ ಸಾಕು. ವಾಸನೆ ಅಲ್ಲಿಂದಲೇ ಬರುತ್ತಿರಬೇಕು. ಉಬ್ಬಿದ ಲ್ಯಾಮಿನೇಟ್ ಮತ್ತೆ ಸಮವಾಗುವುದಿಲ್ಲ. ಗೋಡೆಯ ಬುಡಕ್ಕೆ ಹೊಡೆದ ಸ್ಕರ್ಟಿಂಗ್ ಪಟ್ಟಿ ತೆಗೆದು, ಗೋಡೆಯ ಕಡೆಯಿಂದ ಹಲಗೆ ಎಬ್ಬಿಸಿ.

ಮೀಟರ್‌ಮಾಸ್ತರ
ಯಂತ್ರದ ಮೇಲೆ ಬರೆದ ‘ದಿನಕ್ಕೆ ಇಷ್ಟು ಲೀಟರ್’ ಎಂಬುದನ್ನೂ ನಂಬಬೇಡಿ. ಸಾಮಾನ್ಯವಾಗಿ ಅದು 30 ಡಿಗ್ರಿ, ಶೇಕಡಾ 80 ಆರ್ದ್ರತೆಯಲ್ಲಿ ಅಳೆದದ್ದು. 20 ಡಿಗ್ರಿಯ ಕೋಣೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ. ನನ್ನದಕ್ಕೆ ನೇರ ಹೊರಕ್ಕೆ ಪೈಪು ಜೋಡಿಸಿದ್ದೇನೆ, ತೊಟ್ಟಿ ಖಾಲಿ ಮಾಡುವ ಗೋಳೇ ಇಲ್ಲ.

ವಿಮೆಪುಟ
ಹಲಗೆಗೆ ಕೈ ಹಾಕುವ ಮೊದಲು ನಿಲ್ಲಿ. ಕ್ಲೇಮು ತಿರಸ್ಕಾರವಾಗಿದೆ ಎಂದಿರಿ. ಹಾನಿ ನೋಡಿ ಅಂದಾಜಿಸುವ ಸರ್ವೇಯರ್ ಬಂದಿದ್ದರೇ? ಕಂಪನಿಗೆ ಯಾವ ಕಾಗದ ಕೊಟ್ಟಿದ್ದೀರಿ?

ಒದ್ದೆಮನೆ
ಸರ್ವೇಯರ್ ಬರಲೇ ಇಲ್ಲ. ಫೋಟೋಗಳು ಮತ್ತು ಪ್ಲಂಬರ್ ಬಿಲ್ಲು ಕಳಿಸಿದ್ದೆ. ಬಿಲ್ಲಿನಲ್ಲಿ ‘ಹಳೆಯ ಸೋರಿಕೆ ದುರಸ್ತಿ, ಹೋಸು ಬದಲಾವಣೆ’ ಎಂದಿದೆ.

ವಿಮೆಪುಟ
‘ಹಳೆಯ ಸೋರಿಕೆ’ ಎಂಬ ಆ ಎರಡು ಪದಗಳಿಗೇ ನಿಮ್ಮ ಕ್ಲೇಮು ಬಿದ್ದಿರಬೇಕು. ಗೃಹವಿಮೆ ಸಾಮಾನ್ಯವಾಗಿ ಹಠಾತ್ತಾಗಿ, ಆಕಸ್ಮಿಕವಾಗಿ ಆದ ಹಾನಿಗೆ. ನಿಧಾನವಾಗಿ ಜಿನುಗಿದ್ದು, ಸವೆತ, ನಿರ್ವಹಣೆಯ ಕೊರತೆ ಹೊರಗೆ. ಹೋಸು ಸಿಡಿಯುವುದು ಮೊದಲ ಗುಂಪಿನದು, ಬಿಲ್ಲು ಅದನ್ನು ಎರಡನೆಯದಕ್ಕೆ ತಳ್ಳಿದೆ. ಹೋಸಿನ ಬೆಲೆಯೇ ಸಿಗದೆ, ಅದರಿಂದ ಕೆಟ್ಟ ನೆಲಕ್ಕೆ ಮಾತ್ರ ಪರಿಹಾರ ಸಿಗುವ ಪಾಲಿಸಿಗಳೂ ಇವೆ, ನಿಮ್ಮದನ್ನು ಓದಿ.

ಬಿಲ್ಲನ್ನು ತಿದ್ದಿಸಬೇಡಿ, ಹಿಂದಿನ ದಿನಾಂಕ ಹಾಕಿಸಿ ಹೊಸದು ಬರೆಸಬೇಡಿ, ಅದು ವಂಚನೆಯಾಗುತ್ತದೆ. ಪ್ಲಂಬರ್ ತಾನು ಕಂಡದ್ದೇನು, ‘ಹಳೆಯ’ ಎಂದು ಯಾಕೆ ಬರೆದ ಎಂದು ಇವತ್ತಿನ ದಿನಾಂಕದಲ್ಲಿ ಬೇರೆ ಪತ್ರ ಕೊಡಲಿ. ಮರುಪರಿಶೀಲನೆಗೆ ಲಿಖಿತವಾಗಿ ಕೇಳಿ, ತಿರಸ್ಕಾರಕ್ಕೆ ಪಾಲಿಸಿಯ ಯಾವ ಷರತ್ತು ಎಂದೂ ಕೇಳಿ. ಸಿಡಿದ ಹೋಸು ಎಲ್ಲಿದೆ?

ಗಾರೆಗುರು
ಅವರು ಸರ್ವೇಯರ್ ಕಳಿಸುವ ತನಕ ಕೊಳೆಯಲು ಬಿಡಬೇಕೇ?

ವಿಮೆಪುಟ
ಹಾಗೆ ಹೇಳಿಲ್ಲ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯವೇ. ‘ಇಂಥ ದಿನ ಹಲಗೆ ತೆಗೆಯುತ್ತಿದ್ದೇವೆ, ನೋಡಲು ಬರುವುದಾದರೆ ಬನ್ನಿ’ ಎಂದು ಇಮೇಲ್ ಮಾಡಿ. ತೆಗೆಯುವಾಗ ಹಂತಹಂತವಾಗಿ ಫೋಟೋ, ವಿಡಿಯೋ. ಒಂದೆರಡು ಉಬ್ಬಿದ ಹಲಗೆ, ಫೋಮಿನ ತುಂಡು ಎತ್ತಿಡಿ. ಉಳಿದದ್ದನ್ನು ಎಸೆಯಿರಿ.

ಒದ್ದೆಮನೆ
ಇಮೇಲ್ ಮಾಡಿ ಗೋಡೆಯ ಪಕ್ಕದ ಸಾಲು ಎಬ್ಬಿಸಿದೆ. ಫೋಮ್ ಹಿಂಡಿದರೆ ನೀರು ಸುರಿಯುತ್ತದೆ, ಅಡಿಯೆಲ್ಲ ಕಪ್ಪು. ಕಿಟಕಿ ಮುಚ್ಚಿದ ಮೇಲೆ ಯಂತ್ರದ ತೊಟ್ಟಿ ಒಂದೇ ರಾತ್ರಿಗೆ ತುಂಬಿತು. ಎದುರಿನ ಗೋಡೆಗೆ ಚುಚ್ಚಿದರೆ ಮೀಟರು 11. ಹೋಸು ಪ್ಲಂಬರ್ ಒಯ್ದಿದ್ದಾನೆ, ಫೋನು ಎತ್ತುತ್ತಿಲ್ಲ.

ಕೊಳಾಯಿಕಣ್ಣು
ನೀರು ಅಷ್ಟಿದೆ ಎಂದರೆ ಪ್ರೆಷರ್ ಟೆಸ್ಟ್ ಮಾಡಿಸುವುದೇ ಒಳ್ಳೆಯದು.

ವಿಮೆಪುಟ
ಹೋಸು ಸಿಗದಿದ್ದರೆ ಹೊಸ ಹೋಸಿನ ರಸೀದಿ, ಆ ದಿನ ತೆಗೆದ ಫೋಟೋಗಳ ಮೂಲ ಫೈಲು, ಅವತ್ತು ಮನೆಗೆ ಬಂದು ನೋಡಿದವರ ಲಿಖಿತ ಹೇಳಿಕೆ ಜೋಡಿಸಿ. ಫೋಟೋಗಳನ್ನು ಮೆಸೇಜಿನಲ್ಲಿ ಕಳಿಸಬೇಡಿ, ದಿನಾಂಕದ ವಿವರ ಅಳಿಸಿಹೋಗಬಹುದು. ಪ್ಲಂಬರ್‌ಗೂ ಬರಹದಲ್ಲೇ ಕೇಳಿ, ಕೇಳಿದ್ದಕ್ಕೆ ದಾಖಲೆಯಾದರೂ ಇರಲಿ.

ಹನಿಹನಿ
ಮಾಸ್ತರೇ, ಆ ಹೊರಕ್ಕೆ ಬಿಟ್ಟ ಪೈಪು ಎಷ್ಟು ಅಗಲದ್ದು? ನನ್ನದರಲ್ಲಿ ನೀರು ವಾಪಸ್ಸು ಬರುತ್ತಿದೆ.

ಮೀಟರ್‌ಮಾಸ್ತರ
ಪೈಪು ಉದ್ದಕ್ಕೂ ಇಳಿಜಾರಾಗಿರಬೇಕು, ನಡುವೆ ಎಲ್ಲೂ ಮೇಲೇಳಬಾರದು. ಚಿತ್ರ ಹಾಕುತ್ತೇನೆ, ಗ್ರಾಫ್ ಜೊತೆಗೆ.

ಗಾರೆಗುರು
ಬೇರೆ ಚರ್ಚೆ ತೆರೆದು ಹಾಕಿ ಮಾರಾಯರೇ. ಒದ್ದೆಮನೆಯವರು ಉಳಿದ ಹಲಗೆ ಎಬ್ಬಿಸಿದ ಮೇಲೆ ಅಂಕಿಯನ್ನು ಇಲ್ಲಿ ಬರೆಯಬೇಕಿದೆ.